ಕ್ಲೈಂಟ್ ಸುಮ್ಮನಾದರು, ನಾನು ಪ್ರಶ್ನೆ ಸುರಿಸಿದೆ

ಪ್ರಶ್ನೆ: ನಾನು ಮುಂಬಯಿ ಪಕ್ಕದ ಡೊಂಬಿವಲಿಯವಳು. ಮನೆಯಲ್ಲಿ ತುಳು, ಕನ್ನಡ ಎರಡೂ ಇದೆ. ಕ್ಲಿನಿಕಲ್ ಸೈಕಾಲಜಿ ಎಂ.ಎ. ಎರಡನೇ ವರ್ಷ. ಮುಂದಿನ ತಿಂಗಳಿಂದ ಆಸ್ಪತ್ರೆಯ ಒಪಿಡಿಯಲ್ಲಿ ನಾನೇ ಕೇಸ್ ನೋಡಬೇಕು. ಕನ್ನಡದವರು ಬಂದರೆ ನನ್ನ ಹತ್ತಿರವೇ ಕಳಿಸುತ್ತಾರಂತೆ. ಮೊನ್ನೆ ಒಬ್ಬರ ಜೊತೆ ಕೂತಿದ್ದಾಗ ಅವರು ನಡುವೆ ಸುಮ್ಮನಾದರು. ನಾನು ಗಾಬರಿಯಾಗಿ ಒಂದರ ಮೇಲೊಂದು ಪ್ರಶ್ನೆ ಕೇಳಿದೆ, ಕೊನೆಗೆ ‘ಪ್ರಾಣಾಯಾಮ ಮಾಡಿ’ ಎಂದುಬಿಟ್ಟೆ. ಸೂಪರ್‌ವೈಸರ್‌ಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನಲ್ಲಿ ಸಾರಾಂಶ ಹೇಳಿದೆ, ‘ಗುಡ್’ ಎಂದರು. ನನಗೆ ಮಾತ್ರ ಸಮಾಧಾನವಿಲ್ಲ. ಇನ್ನೊಂದು: ಬಂದವರು ಅಮ್ಮನಿಗೆ ಗುರುತಿನವರಾದರೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕಳವಳ ತಂದದ್ದು ಆ ‘ಗುಡ್’. ಗಾಬರಿಯಾಗುವುದು, ಸಲಹೆ ಕೊಟ್ಟುಬಿಡುವುದು ಕಲಿಯುವ ಎಲ್ಲರಿಗೂ ಆಗುವಂಥದ್ದು, ತಿದ್ದಿಕೊಳ್ಳಬಹುದು. ಆದರೆ ಕನ್ನಡದಲ್ಲಿ ನಡೆದ ಮಾತನ್ನು ಇಂಗ್ಲಿಷ್ ಸಾರಾಂಶ ಮಾಡಿ ಒಪ್ಪಿಸುತ್ತಾ ಹೋದರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ನಿಮ್ಮ ಕಣ್ಣಿಗೂ. ಸಾರಾಂಶ ಹೇಳುವಾಗ ನಾವು ನಮ್ಮ ಮಾತನ್ನು ಅರಿವಿಲ್ಲದೆಯೇ ತಿದ್ದಿರುತ್ತೇವೆ. ‘ಲೋ ಮೂಡ್ ಇತ್ತು, ಸೈಕೋಎಜುಕೇಶನ್ (ತೊಂದರೆಯ ಬಗ್ಗೆ ತಿಳಿವಳಿಕೆ) ಕೊಟ್ಟೆ’ ಎಂಬ ಒಂದು ಸಾಲಿನ ಹಿಂದೆ ‘ಅಯ್ಯೋ, ಅದಕ್ಕೆಲ್ಲ ಯಾಕೆ ತಲೆಬಿಸಿ ಮಾಡ್ತೀರಿ’ ಎಂಬ ಮಾತು ಅಡಗಿ ಕೂತಿರಬಹುದು. ಸೂಪರ್‌ವೈಸರ್ ಒಳ್ಳೆಯವರೇ ಇರಬಹುದು. ನೀವು ತೋರಿಸಿದ್ದಕ್ಕೆ ಅವರು ‘ಗುಡ್’ ಎಂದಿದ್ದಾರೆ, ಅಷ್ಟೇ.

ಹಾಗಾಗಿ ವಾರಕ್ಕೆ ಒಂದು ಭೇಟಿಯನ್ನಾದರೂ ರೆಕಾರ್ಡ್ ಮಾಡಿ, ಅದರ 10 ನಿಮಿಷವನ್ನು ಅಕ್ಷರಕ್ಕಿಳಿಸಿ. ರೆಕಾರ್ಡಿಂಗ್‌ಗೆ ಆಸ್ಪತ್ರೆಯ ಒಪ್ಪಿಗೆ ಮತ್ತು ಕ್ಲೈಂಟಿನ ಲಿಖಿತ ಒಪ್ಪಿಗೆ ಎರಡೂ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ: ಯಾಕಾಗಿ, ಯಾರು ಕೇಳುತ್ತಾರೆ, ಯಾವ ತಾರೀಖಿಗೆ ಅಳಿಸುತ್ತೀರಿ, ಬೇಡವೆಂದರೆ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ, ನಡುವೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ನಿಮ್ಮ ಸ್ವಂತ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಅದು ತನ್ನಷ್ಟಕ್ಕೆ ಕ್ಲೌಡ್‌ಗೆ ಏರಿ, ಮನೆಯ ಇನ್ನೊಂದು ಟ್ಯಾಬ್‌ನಲ್ಲಿ ಇಳಿದಿರುತ್ತದೆ. ಒಪ್ಪಿಗೆ ಸಿಗದಿದ್ದರೆ ಭೇಟಿ ಮುಗಿದ ಅರ್ಧ ಗಂಟೆಯೊಳಗೆ ನೆನಪಿನಿಂದ ಬರೆಯಿರಿ. ಸಂಜೆ ಲೋಕಲ್ ಹಿಡಿದು ಮನೆ ಸೇರಿದ ಮೇಲೆ ಬರೆದರೆ ನೀವು ಹೇಳಬೇಕಿತ್ತು ಅಂದುಕೊಂಡದ್ದು ಹೇಳಿದ್ದೇ ಆಗಿಬಿಡುತ್ತದೆ.

ಬರೆಯುವ ಕ್ರಮ ಹೀಗೆ. ಪ್ರತಿ ಮಾತಿಗೂ ಮೂರು ಸಾಲು. ಮೊದಲ ಸಾಲು ಕನ್ನಡದಲ್ಲಿ, ಆಡಿದ ಹಾಗೆಯೇ, ‘ಹ್ಞೂಂ’, ‘ಅದೇ’, ‘ಏನೋ’ ಎಲ್ಲ ಸೇರಿಸಿ. ಎರಡನೆಯದು ಪದಕ್ಕೆ ಪದ ಇಂಗ್ಲಿಷ್, ಎಷ್ಟೇ ವಕ್ರವಾಗಿ ಕಂಡರೂ ಸರಿ. ಮೂರನೆಯದು ಅರ್ಥ. ಪಕ್ಕದಲ್ಲಿ ಒಂದು ಖಾನೆ ಬಿಟ್ಟು ಆ ಕ್ಷಣ ನಿಮಗೇನಾಯಿತು ಎಂದು ಬರೆಯಿರಿ: ‘ಹೆದರಿದೆ’, ‘ಇವರು ನನ್ನ ಮಾವನ ಹಾಗೆ ಕಂಡರು’, ‘ಗಡಿಯಾರ ನೋಡಿದೆ’. ಮೌನವಿದ್ದಲ್ಲಿ ಸೆಕೆಂಡುಗಳನ್ನು ಎಣಿಸಿ ಬರೆಯಿರಿ. 10 ನಿಮಿಷದ ಮಾತು ಇಳಿಸಲು ಒಂದೂವರೆ ಗಂಟೆಯಾದರೂ ಬೇಕು. ಅದಕ್ಕೆ ಇಡೀ ಭೇಟಿ ಬರೆಯಲು ಹೋಗಬೇಡಿ. ಯಾವ 10 ನಿಮಿಷ? ನಿಮಗೆ ತೋರಿಸಲು ನಾಚಿಕೆಯಾಗುವ 10 ನಿಮಿಷ. ಚೆನ್ನಾಗಿ ನಡೆದ ಭಾಗ ತೋರಿಸಿದರೆ ಮತ್ತೆ ‘ಗುಡ್’ ಸಿಗುತ್ತದೆ.

ಕನ್ನಡ ಗೊತ್ತಿರುವ ಇಬ್ಬರು ಸಹಪಾಠಿಗಳು ಸಿಕ್ಕರೆ ವಾರಕ್ಕೊಮ್ಮೆ ಕೂತು, ಕ್ಲೈಂಟಿನ ಒಪ್ಪಿಗೆಯಲ್ಲಿ ಅವರೂ ಸೇರಿದ್ದರೆ ಮಾತ್ರ, ಒಬ್ಬರ ಟೇಪನ್ನು ಮತ್ತೊಬ್ಬರು ಕೇಳಿ ಅಂಕ ಹಾಕಿ. ಇದು ಬಡವರ ಉಪಾಯವಲ್ಲ. ಗೋವಾದಲ್ಲಿ ಸಂಗಾತ್ ಸಂಸ್ಥೆ ಮನಶ್ಶಾಸ್ತ್ರದ ಪದವಿಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ 6ರಿಂದ 8 ಭೇಟಿಗಳ ಚಿಕಿತ್ಸೆ ಕೊಡಿಸಿತು. ಅದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚಿಕಿತ್ಸೆ ಕೆಲಸ ಮಾಡಿತ್ತು. ಅಲ್ಲಿಯ ಮೇಲ್ವಿಚಾರಣೆಯ ಬೆನ್ನೆಲುಬು ಇದೇ: ಗುಂಪಾಗಿ ಕೂತು ಟೇಪ್ ಕೇಳುವುದು, ಅಂಕ ಹಾಕುವುದು, ಚರ್ಚಿಸುವುದು.

ಈಗ ಒಂದು ತುಣುಕು ನೋಡೋಣ. ಕಲಿಕೆಗೆಂದು ಕಟ್ಟಿದ್ದು, ಯಾರದೂ ಅಲ್ಲ. ಕುಂದಾಪುರ ಕಡೆಯವರು, 48 ವರ್ಷ, ಹೋಟೆಲಿನಲ್ಲಿ ಕ್ಯಾಶಿಯರ್.

ಕ್ಲೈಂಟ್: ರಾತ್ರಿ ಗಲ್ಲಾ ಲೆಕ್ಕ ಮುಗಿಸಿ ಮಲಗಿದರೆ ಎದೆ ಹಿಡಿದ ಹಾಗೆ ಆಗ್ತದೆ. ನಿದ್ರೆಯೇ ಇಲ್ಲ.
ಟ್ರೈನಿ: ಎಷ್ಟು ದಿನದಿಂದ?
ಕ್ಲೈಂಟ್: ಒಂದು ಮೂರು ತಿಂಗಳು ಆಗಿರಬೇಕು.
ಟ್ರೈನಿ: ಯಾಕೆ ಹಾಗಾಗ್ತದೆ ಅಂತ ಅನಿಸ್ತದೆ?
ಕ್ಲೈಂಟ್: ಏನೋ... ಗೊತ್ತಿಲ್ಲ. (4 ಸೆಕೆಂಡ್)
ಟ್ರೈನಿ: ಕೆಲಸದ ಟೆನ್ಶನ್ನಾ? ಮನೆಯಲ್ಲಿ ಏನಾದರೂ ತೊಂದರೆ ಉಂಟಾ? ಚಾ ಜಾಸ್ತಿ ಕುಡೀತೀರಾ?
ಕ್ಲೈಂಟ್: ಚಾ... ದಿನಕ್ಕೆ ಏಳೆಂಟು ಆಗ್ತದೆ.

ಮುಗಿಯಿತು. ಇನ್ನು ಹತ್ತು ನಿಮಿಷ ಚಹಾದ ಮೇಲೆ ಹೋಗುತ್ತದೆ. ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದರೆ ಜನ ಸುಲಭವಾದ ಕೊನೆಯದಕ್ಕೆ ಉತ್ತರ ಕೊಡುತ್ತಾರೆ, ತಪ್ಪು ಅವರದ್ದಲ್ಲ. ಇಲ್ಲಿ ‘ಏನೋ... ಗೊತ್ತಿಲ್ಲ’ ಎಂಬಲ್ಲಿ ಬಾಗಿಲು ಅರ್ಧ ತೆರೆದಿತ್ತು. ‘ಲೆಕ್ಕ ಮುಗೀತದೆ, ಎದೆ ಮಾತ್ರ ಬಿಡುವುದಿಲ್ಲ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವರದೇ ಎರಡು ಪದ, ನಿಮ್ಮದು ಏನೂ ಇಲ್ಲ.

ಇದೇ ರಿಫ್ಲೆಕ್ಷನ್, ಅವರ ಮಾತನ್ನೇ ಅವರಿಗೆ ಮರಳಿಸುವುದು. ಎಷ್ಟಿರಬೇಕು ಎಂಬುದಕ್ಕೂ ಒಂದು ಅಳತೆಯಿದೆ: ಬದಲಾಗುವ ಮನಸ್ಸನ್ನು ಕ್ಲೈಂಟಿನಿಂದಲೇ ಹೊರತರುವ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ಪದ್ಧತಿಯ ಟೇಪುಗಳನ್ನು ಅಳೆಯುವವರು ಒಂದು ಪ್ರಶ್ನೆಗೆ ಒಂದು ರಿಫ್ಲೆಕ್ಷನ್ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಒಳ್ಳೆಯದು ಎನ್ನುತ್ತಾರೆ. ನಿಮ್ಮ ಹಾಳೆಯಲ್ಲಿ ಪ್ರಶ್ನೆಗೆ ಕೆಂಪು, ರಿಫ್ಲೆಕ್ಷನ್‌ಗೆ ಹಸಿರು ಗುರುತು ಹಾಕಿ ಎಣಿಸಿ. ಮೊದಲ ತಿಂಗಳು ಹಾಳೆ ಕೆಂಪಾಗಿಯೇ ಇರುತ್ತದೆ.

ಆ ತುಣುಕಿನಲ್ಲಿ ಇನ್ನೊಂದು ತಪ್ಪಿದೆ, ಇದು ಹೆಚ್ಚು ಗಂಭೀರ. 48 ವರ್ಷದವರು ‘ಎದೆ ಹಿಡಿದ ಹಾಗೆ’ ಎಂದಾಗ ಮೊದಲು ಕೇಳಬೇಕಾದ್ದು ಡಾಕ್ಟರಿಗೆ ತೋರಿಸಿದ್ದೀರಾ, ಇಸಿಜಿ ಆಗಿದೆಯಾ ಎಂದು. ಆಗಿಲ್ಲವೆಂದರೆ ಅದೇ ದಿನ ಮೆಡಿಸಿನ್ ಒಪಿಡಿಗೆ ಚೀಟಿ. ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ಹಿಡಿದು, ಕೂತರೆ ಬಿಡುತ್ತದೆ ಎಂದರೆ ಇನ್ನೂ ಎಚ್ಚರ. ಸದಾ ಸುಸ್ತು, ಮಂಕು ಎನ್ನುವವರಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸುವುದೂ ಹೀಗೆಯೇ. ಎಲ್ಲವೂ ಮನಸ್ಸಿನದ್ದೇ ಎಂದು ನಂಬುವುದು ನಮ್ಮ ಕಸುಬಿನ ಹಳೆಯ ಚಟ.

ಮೌನದ ಬಗ್ಗೆ. ಕೂತಿರುವ ಟ್ರೈನಿಗೆ 4 ಸೆಕೆಂಡು ಅರ್ಧ ನಿಮಿಷದಂತೆ ಅನಿಸುತ್ತದೆ. ಟೇಪ್ ಕೇಳಿದಾಗ ನಿಮಗೇ ನಗು ಬರುತ್ತದೆ. ಮೂರು ಉಸಿರು ಎಣಿಸಿ, ಅಷ್ಟರಲ್ಲಿ ಸುಮಾರು 10 ಸೆಕೆಂಡು ಆಗಿರುತ್ತದೆ. ಆ ಹೊತ್ತಿನಲ್ಲಿ ಅವರ ಕಣ್ಣು ನೋಡಿ. ಕಣ್ಣು ಮೇಲಕ್ಕೋ ಪಕ್ಕಕ್ಕೋ ಅಲೆಯುತ್ತಿದ್ದರೆ ಏನೋ ಹುಡುಕುತ್ತಿರಬಹುದು, ಬಿಡಿ. ಗಂಟಲು ಬಿಗಿದು ಅಳು ತಡೆಯುತ್ತಿದ್ದರೂ ಬಿಡಿ. ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಬೇಡಿ, ‘ಸಾಕು ಅತ್ತದ್ದು’ ಎಂದು ಕೇಳಿಸುತ್ತದೆ, ಕೈಗೆಟುಕುವಲ್ಲಿ ಮೊದಲೇ ಇಟ್ಟಿರಿ. ನಿಮ್ಮನ್ನೇ ನೋಡುತ್ತಾ ಕಾಯುತ್ತಿದ್ದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿಲ್ಲ. ‘ನಿಧಾನ ಹೇಳಿ, ಹೊತ್ತಿದೆ’ ಎನ್ನಿ. ಕಣ್ಣು ಒಂದೇ ಕಡೆ ನೆಟ್ಟು, ಕರೆದರೂ ತಡವಾಗಿ ತಿರುಗುವಂತಿದ್ದರೆ ಮಾತ್ರ ಮೌನ ಮುರಿಯಬೇಕು: ಹೆಸರು ಕರೆದು, ಕಾಲು ನೆಲಕ್ಕೆ ಊರಲು ಹೇಳಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೆಸರಿಸಲು ಹೇಳಿ. ಆಮೇಲೂ ಹಳೆಯ ವಿಷಯಕ್ಕೆ ಆ ದಿನ ಮರಳಬೇಡಿ.

ನೀವು ಓದಿದ್ದು ಇಂಗ್ಲಿಷಿನಲ್ಲಿ. ಅಲ್ಲಿಯ ಪಾಠದ ಪ್ರಶ್ನೆಯನ್ನು ಹಾಗೆಯೇ ಎತ್ತಿ ‘ಅದು ನಿಮಗೆ ಹೇಗೆ ಅನಿಸುವಂತೆ ಮಾಡಿತು’ ಎಂದರೆ ಎದುರಿನವರು ಪಿಳಿಪಿಳಿ ನೋಡುತ್ತಾರೆ. ಕನ್ನಡದಲ್ಲಿ ನಾವು ಸಿಟ್ಟಾಗುವುದಕ್ಕಿಂತ ನಮಗೆ ಸಿಟ್ಟು ಬರುವುದು ಹೆಚ್ಚು. ಹೆದರಿಕೆ ಆಗುತ್ತದೆ, ಅಳು ಬರುತ್ತದೆ, ಬೇಜಾರು ಆಗುತ್ತದೆ. ಇದು ಥೆರಪಿಗೆ ಬಹಳ ಅನುಕೂಲ, ಯಾಕೋ ಇದನ್ನು ಯಾರೂ ಕಲಿಸುವುದಿಲ್ಲ. ಬರುವ ವಸ್ತುವಿಗೆ ಹೊತ್ತು, ದಾರಿ, ಗಾತ್ರ ಇರುತ್ತದೆ: ‘ಸಿಟ್ಟು ಬರುವ ಮುಂಚೆ ಏನಾಗಿತ್ತು? ಎಷ್ಟು ಹೊತ್ತು ಇತ್ತು? ಹೇಗೆ ಇಳೀತು?’ ಯೋಚನೆ, ನಡವಳಿಕೆ ತಿದ್ದುವ ಸಿಬಿಟಿ ಚಿಕಿತ್ಸೆಗೆ ಬೇಕಾದ ಅರ್ಧ ವಿವರ ಈ ಮೂರರಲ್ಲಿ ಸಿಗುತ್ತದೆ. ‘ಏನನಿಸಿತು’ ಎಂದರೆ ‘ಏನೂ ಇಲ್ಲ’ ಎನ್ನುವವರೂ ‘ಎಲ್ಲಿ ಗೊತ್ತಾಯ್ತು, ಎದೆಯಲ್ಲಾ ಹೊಟ್ಟೆಯಲ್ಲಾ’ ಎಂದರೆ ಕೈ ಇಟ್ಟು ತೋರಿಸುತ್ತಾರೆ.

ಕೆಲವು ಪ್ರತ್ಯಯ, ಪದಗಳ ಮೇಲೂ ಕಣ್ಣಿಡಿ. ‘ನಿಮಗೆ ನಿದ್ರೆ ಬರುವುದಿಲ್ಲವಂತೆ’ ಎಂದರೆ ಕೇಳಿದವರಿಗೆ ಅನುಮಾನದ ವಾಸನೆ ಹೊಡೆಯುತ್ತದೆ. ‘ಅಲ್ವಾ?’ ಸೇರಿಸಿದ ರಿಫ್ಲೆಕ್ಷನ್ ಪ್ರಶ್ನೆಯಾಗಿ, ದೊಡ್ಡವರು ಮರ್ಯಾದೆಗೆ ‘ಹೌದು ಹೌದು’ ಎಂದು ಮುಗಿಸುತ್ತಾರೆ. ‘ಅಷ್ಟೇ ತಾನೇ’ ಎಂಬುದನ್ನು ನಾಲಿಗೆಯಿಂದಲೇ ಕಿತ್ತುಹಾಕಿ. ‘ಯಾಕೆ’ ನಮ್ಮ ಮನೆಗಳಲ್ಲಿ ಬೈಗುಳಕ್ಕೆ ಪೀಠಿಕೆ. ಅದರ ಜಾಗದಲ್ಲಿ ‘ಆಗ ಏನಾಯಿತು’ ಸಾಕು.

ಇನ್ನು ಪದಗಳು. ಮುಂಬಯಿಯಲ್ಲಿ ‘ಕನ್ನಡದವರು’ ಎಂದು ನಿಮ್ಮ ಹತ್ತಿರ ಕಳಿಸುವವರಲ್ಲಿ ಕರಾವಳಿಯ ಹೋಟೆಲಿನವರು, ಕಲಬುರಗಿ–ವಿಜಯಪುರ ಕಡೆಯ ಕಟ್ಟಡ ಕೆಲಸದವರು, ಇಲ್ಲೇ ಹುಟ್ಟಿ ಮರಾಠಿ ಬೆರೆಸಿ ಮಾತಾಡುವವರು ಎಲ್ಲರೂ ಇರುತ್ತಾರೆ. ಕರಾವಳಿಯವರ ‘ಬೇಜಾರು’ ಹೆಚ್ಚಾಗಿ ದುಃಖ, ನೋವು. ಅದನ್ನು ಬೋರ್ ಆಗುವುದು ಎಂದು ಬರೆದರೆ ಕೆಟ್ಟಿತು. ‘ಮಂಡೆಬಿಸಿ’ ಚಿಂತೆ, ಜ್ವರವಲ್ಲ. ಉತ್ತರ ಕರ್ನಾಟಕದವರು ‘ಜೀವಕ್ಕ ಬ್ಯಾಸರ ಆಗೈತಿ’ ಎಂದರೆ ಅದು ಬರೀ ದಣಿವೂ ಇರಬಹುದು, ಬದುಕೇ ಬೇಡವೆಂಬುದೂ ಇರಬಹುದು. ಊಹಿಸಬೇಡಿ, ಕೇಳಿ. ಫೈಲಿನಲ್ಲಿ ಆ ಮಾತನ್ನು ಕನ್ನಡ ಲಿಪಿಯಲ್ಲೇ ಉದ್ಧರಣೆಯಾಗಿ ಬರೆದು, ಅದರ ಕೆಳಗೆ ನಿಮ್ಮ ಅರ್ಥವನ್ನು ಬೇರೆಯಾಗಿ ಇಂಗ್ಲಿಷಿನಲ್ಲಿ ಬರೆಯಿರಿ. ಮುಂದೆ ನೋಡುವವರಿಗೆ ಯಾವುದು ಕ್ಲೈಂಟಿನದ್ದು, ಯಾವುದು ನಿಮ್ಮದು ಎಂದು ತಿಳಿಯಬೇಕು. ‘ಮೈಮೇಲೆ ಬರುತ್ತದೆ’, ‘ಗಾಳಿ ಸೋಕಿದೆ’ ಎಂದಾಗ ರೋಗದ ಹೆಸರು ಬರೆಯಲು ಅವಸರ ಬೇಡ. ಯಾವಾಗ, ಯಾರೆದುರು, ಮನೆಯವರು ಅದನ್ನು ಸರಿಯೆಂದು ಒಪ್ಪುತ್ತಾರಾ, ಆಮೇಲೆ ದಿನದ ಕೆಲಸಕ್ಕೆ ತೊಡಕಾಗುತ್ತದಾ ಎಂದು ಕೇಳಿಕೊಂಡ ಮೇಲೆ ಮಿಕ್ಕದ್ದು.

ಒಪಿಡಿಯಲ್ಲಿ ನಿಮ್ಮ ಕೈಗೆ ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿ ಕೊಡುತ್ತಾರೆ. 9 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾಗಿ ನೋಡಬೇಕು. ಕನ್ನಡದಲ್ಲಿ ಇದರ ಸಿದ್ಧ ಅನುವಾದವಿದೆ, ಅದನ್ನೇ ಬಳಸಿ. ಮೇಜಿನ ಮುಂದೆ ಕೂತು ಸ್ವಂತ ಅನುವಾದ ಮಾಡಬೇಡಿ. ಓದಿ ಹೇಳಬೇಕಾದಾಗ ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬ ಆಯ್ಕೆಯಲ್ಲಿ ಜನ ಮುಗ್ಗರಿಸುತ್ತಾರೆ. ‘ಕಳೆದ 14 ದಿನದಲ್ಲಿ ಎಷ್ಟು ದಿನ’ ಎಂದು ಕೇಳಿ ನೀವೇ ಖಾನೆಗೆ ಹಾಕಿ. ರಾತ್ರಿ ಪಾಳಿಯ ಹೋಟೆಲ್ ಕೆಲಸದವರಿಗೆ ನಿದ್ರೆ, ದಣಿವು, ಹಸಿವಿನ ಪ್ರಶ್ನೆಗಳಲ್ಲೇ 6–7 ಅಂಕ ಬಂದುಬಿಡಬಹುದು, ಖಿನ್ನತೆ ಇಲ್ಲದೆಯೂ. ಹಾಗಾಗಿ ಒಟ್ಟು ಅಂಕವನ್ನಷ್ಟೇ ಬರೆಯಬೇಡಿ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ 0 ಅಲ್ಲದೆ ಬೇರೆ ಏನೇ ಬಂದರೂ ಕಾಗದ ಕೆಳಗಿಟ್ಟು ಮಾತಾಡಬೇಕು. ಇಲ್ಲಿ ಟ್ರೈನಿಗಳು ಮಾಡುವ ತಪ್ಪು ಎರಡು. ‘ಕೆಟ್ಟ ಯೋಚನೆ ಏನಾದರೂ ಬರ್ತದಾ’ ಎಂದು ಸುತ್ತಿ ಕೇಳುವುದು. ಎದುರಿನವರು ಕೆಟ್ಟದ್ದು ಎಂಬುದಕ್ಕೆ ಬೇರೇನೋ ಅರ್ಥ ಹಚ್ಚಿಕೊಂಡು ‘ಛೆ, ಇಲ್ಲ’ ಎನ್ನುತ್ತಾರೆ. ಇನ್ನೊಂದು, ‘ಹಾಗೆಲ್ಲ ಏನೂ ಇಲ್ಲ ತಾನೇ’ ಎಂದು ಇಲ್ಲ ಎನ್ನಿಸುವುದು. ನೇರ ಕೇಳಿ: ‘ಬದುಕಿರುವುದೇ ಬೇಡ ಅನಿಸಿದ್ದುಂಟಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ, ಹೇಗೆ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಪ್ರಯತ್ನಿಸಿದ್ದುಂಟಾ, ಇಲ್ಲಿಯವರೆಗೆ ಏನು ತಡೆದಿದೆ. ಆಮೇಲೆ ನೀವು ಒಬ್ಬರೇ ತೀರ್ಮಾನಿಸಬೇಡಿ. ಕ್ಲೈಂಟ್ ಕೋಣೆ ಬಿಡುವ ಮುಂಚೆ ಸೂಪರ್‌ವೈಸರ್‌ಗೋ ಡ್ಯೂಟಿಯಲ್ಲಿರುವ ಮನೋವೈದ್ಯರಿಗೋ ತಿಳಿಸಿರಬೇಕು.

ಸಾಯುವ ಯೋಚನೆ ಬಂದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಸೇಫ್ಟಿ ಪ್ಲಾನ್‌ನಲ್ಲಿ ಆರು ಹಂತ: ಯೋಚನೆ ಏರುವ ಮುಂಚಿನ ಸೂಚನೆಗಳು; ತಾನೊಬ್ಬನೇ ಮಾಡಬಹುದಾದ್ದು; ಮನಸ್ಸು ಬೇರೆಡೆ ತಿರುಗಿಸುವ ಜನ, ಜಾಗ; ಬಾಯಿಬಿಟ್ಟು ಸಹಾಯ ಕೇಳಬಹುದಾದವರು; ವೈದ್ಯರು, ಸಹಾಯವಾಣಿ; ಅಪಾಯದ ವಸ್ತುಗಳನ್ನು ದೂರ ಮಾಡುವುದು. ಇದನ್ನು ಕ್ಲೈಂಟಿನ ಕೈಯಲ್ಲೇ, ಅವರ ಮಾತಿನಲ್ಲೇ ಬರೆಸಿ. ‘ದೇವರ ಮೇಲೆ ಭಾರ ಹಾಕುತ್ತೇನೆ’ ಎಂದರೆ ಯಾವ ದೇವಸ್ಥಾನ, ಎಷ್ಟು ಹೊತ್ತಿಗೆ ತೆರೆದಿರುತ್ತದೆ, ರಾತ್ರಿ 2 ಗಂಟೆಗೆ ಏನು ಎಂದು ಕೇಳಿ ತುಂಬಿಸಿ. ರಾತ್ರಿ 2ಕ್ಕೆ ಸಿಗುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಯತ್ನಿಸಿ ಬದುಕಿದವರ ಮನೆಯವರು ಪೊಲೀಸ್ ಕೇಸಿಗೆ ಹೆದರಿ ಸುಳ್ಳು ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಹಾಗಲ್ಲವೆಂದು ಸಾಬೀತಾಗದ ಹೊರತು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ.

ಗುರುತಿನವರ ಪ್ರಶ್ನೆಗೆ ಬರುತ್ತೇನೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲೋ, ಯಕ್ಷಗಾನದಲ್ಲೋ, ಜಾತಿ ಸಂಘದ ಮದುವೆ ಹಾಲಿನಲ್ಲೋ ನಮ್ಮವರು ನಮ್ಮವರಿಗೆ ಸಿಕ್ಕೇ ಸಿಗುತ್ತಾರೆ. ಮೊದಲ ಭೇಟಿಯಲ್ಲೇ ಹೇಳಿಬಿಡಿ: ‘ಹೊರಗೆ ಎಲ್ಲಾದರೂ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ. ನೀವು ಮಾತಾಡಿಸಿದರೆ ಮಾತಾಡ್ತೇನೆ, ಇಲ್ಲಿಯ ವಿಷಯ ಮಾತ್ರ ತೆಗೆಯುವುದಿಲ್ಲ.’ ಇಷ್ಟು ಹೇಳದಿದ್ದರೆ ನೀವು ಮುಖ ತಿರುಗಿಸಿದ್ದನ್ನು ಅವರು ಅವಮಾನವೆಂದು ತಿಳಿಯುತ್ತಾರೆ. ‘ನಿಮ್ಮದು ಯಾವ ಊರು’ ಎಂದು ಕೇಳಿಯೇ ಕೇಳುತ್ತಾರೆ, ಊರು ಹೇಳಿ. ಅದನ್ನೂ ಮುಚ್ಚಿಟ್ಟರೆ ನಮ್ಮ ಜನರಿಗೆ ಸೊಕ್ಕಾಗಿ ಕಾಣುತ್ತದೆ. ‘ಯಾವ ಜನ’ ಎಂದು ಮುಂದುವರಿದರೆ, ‘ಅದು ತಿಳಿದರೆ ನಿಮಗೆ ಮಾತಾಡಲು ಸುಲಭವಾ, ಕಷ್ಟವಾ’ ಎಂದು ಅಲ್ಲೇ ತಿರುಗಿಸಿ. ಹಲವು ಸಲ ನಿಜವಾದ ವಿಷಯ ಅಲ್ಲಿಂದಲೇ ಹೊರಡುತ್ತದೆ, ಅಂತರ್ಜಾತಿ ಮದುವೆಯಾದ ಮಗಳದ್ದೋ ಮತ್ತೊಂದೋ.

ಅಮ್ಮನಿಗೆ ನೇರ ಪರಿಚಯದವರಾದರೆ ಕೇಸ್ ತೆಗೆದುಕೊಳ್ಳಬೇಡಿ. ಬಾಗಿಲಲ್ಲೇ ಗೊತ್ತಾದರೆ ಐದು ನಿಮಿಷ ಕೂತು, ‘ನಮ್ಮ ಮನೆಯವರಿಗೂ ನಿಮಗೂ ಪರಿಚಯ ಇರುವುದರಿಂದ ನಿಮಗೇ ಮುಕ್ತವಾಗಿ ಹೇಳಲು ಆಗಲಿಕ್ಕಿಲ್ಲ’ ಎಂದು ತಿಳಿಸಿ ಬೇರೆಯವರಿಗೆ ಒಪ್ಪಿಸಿ. ಅವರು ಬಂದಿದ್ದರು ಎಂಬುದೇ ಗುಟ್ಟು. ಮನೆಯಲ್ಲಿ ‘ಇವತ್ತು ಯಾರು ಸಿಕ್ಕಿದ್ರು ಗೊತ್ತಾ’ ಎಂದು ಆರಂಭಿಸಿದರೂ ಆ ಗುಟ್ಟು ಒಡೆದ ಹಾಗೆಯೇ. ಬೇರೆ ಕನ್ನಡ ಬಲ್ಲವರು ಇಲ್ಲವೇ ಇಲ್ಲ ಎಂದಾದರೆ ಸೂಪರ್‌ವೈಸರ್ ತೀರ್ಮಾನಿಸಲಿ, ಫೈಲಿನಲ್ಲಿ ಬರೆದಿರಲಿ. ಜೊತೆಗೆ ಬಂದ ಗಂಡ, ಅತ್ತೆ ಬಾಗಿಲಲ್ಲಿ ನಿಂತು ತಾವೇ ಉತ್ತರ ಕೊಡುತ್ತಿದ್ದರೆ ಮೊದಲ ಐದು ನಿಮಿಷ ಅವರ ಮಾತು ಕೇಳಿ, ಆಮೇಲೆ ‘ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುವುದು ಇಲ್ಲಿಯ ಪದ್ಧತಿ’ ಎಂದು ಹೊರಗೆ ಕೂರಿಸಿ ಬನ್ನಿ. ಪದ್ಧತಿ ಎಂದರೆ ಯಾರಿಗೂ ಮುಖಭಂಗವಿಲ್ಲ.

ನೀವು ಕೇಳದೇ ಇದ್ದರೂ ಹೇಳಬೇಕಾದ್ದು ಪದವಿಯ ಬಗ್ಗೆ. ಎಂ.ಎ. ಮುಗಿದ ಕೂಡಲೇ ಕಾರ್ಡಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಹಾಕಿಸುವವರಿದ್ದಾರೆ. ಆ ಹೆಸರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿದ ಕೋರ್ಸು ಮತ್ತು ಅಲ್ಲಿಯ ನೋಂದಣಿ ಬೇಕು. ಹಿಂದೆ ಅದಕ್ಕೆ ಮುಖ್ಯ ದಾರಿ ಎರಡು ವರ್ಷದ ಎಂ.ಫಿಲ್. ಆಗಿತ್ತು. ವಿಶ್ವವಿದ್ಯಾಲಯಗಳ ಅನುದಾನ ಆಯೋಗ ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ವಿನಾಯಿತಿ ಕೊಟ್ಟಿತು. ಕೌನ್ಸಿಲ್ ಹೊಸ ಮಾದರಿಯ ಎಂ.ಎ., ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಕೋರ್ಸುಗಳನ್ನು ತಂದಿದೆ. ನಿಮ್ಮ ಎಂ.ಎ. ಕೌನ್ಸಿಲ್ ಮಾನ್ಯತೆಯದ್ದಾ, ಬರೀ ವಿಶ್ವವಿದ್ಯಾಲಯದ್ದಾ ಎಂಬುದನ್ನು ಕಾಲೇಜಿನವರ ಬಾಯಿಮಾತಿನಲ್ಲಿ ನಂಬದೆ ಕೌನ್ಸಿಲ್‌ನ ಪಟ್ಟಿಯಲ್ಲೇ ನೋಡಿಕೊಳ್ಳಿ.

ನೋಂದಣಿಯಾಗುವ ತನಕ ಕ್ಲೈಂಟಿಗೆ ಹೇಳುವ ಪರಿಚಯವನ್ನು ಬಾಯಿಪಾಠ ಮಾಡಿಕೊಳ್ಳಿ, ಗಾಬರಿಯಲ್ಲೂ ಬರಬೇಕು: ‘ನಾನು ಇಲ್ಲಿ ಟ್ರೈನಿ, ಇನ್ನೂ ಕಲಿಯುತ್ತಿದ್ದೇನೆ. ನೀವು ಹೇಳಿದ್ದನ್ನು ನನಗೆ ಕಲಿಸುವ ಮೇಡಂ ಜೊತೆ ಮಾತ್ರ ಮಾತಾಡ್ತೇನೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅಂತ ಕಂಡರೆ, ಅಥವಾ 18ರೊಳಗಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ, ಕಾನೂನು ಹಾಗಿದೆ. ಆಗಲೂ ಮೊದಲು ನಿಮಗೆ ಹೇಳಿಯೇ ಮುಂದೆ ಹೋಗ್ತೇನೆ. ಟ್ರೈನಿ ಬೇಡ ಅನಿಸಿದರೆ ಈಗಲೇ ಹೇಳಬಹುದು.’ ಕೊನೆಯ ವಾಕ್ಯ ಹೇಳಿ ಮೂರು ಉಸಿರು ಕಾಯಿರಿ.